ನನ್ನೆದುರು ಮಾತ್ರ ಕೆಡದ ಗಾಡಿಗಳು

ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಅಂಗಡಿ. ಗಾಡಿಗಳ ವೈರಿಂಗ್ ಕೆಲಸ. ಪೂರ್ತಿ ಕೆಟ್ಟ ಗಾಡಿ ಬಂದರೆ ನನಗೆ ಹಬ್ಬ. ಆದರೆ ಬರುವುದೆಲ್ಲ ಆಗಾಗ ಕರೆಂಟ್ ಹೋಗಿ ಆಮೇಲೆ ತಾನೇ ಬರುವ ಗಾಡಿಗಳು. ಊರಲ್ಲೆಲ್ಲ ಸತಾಯಿಸಿ, ನನ್ನ ಅಂಗಡಿ ಮುಂದೆ ಬಂದ ಕೂಡಲೇ ಅವು ಒಂದೇ ಏಟಿಗೆ ಸ್ಟಾರ್ಟ್ ಆಗುತ್ತವೆ. ಮಾಲೀಕರು ನನ್ನ ಮುಖ ನೋಡುತ್ತಾರೆ, ನಾನು ಗಾಡಿಯ ಮುಖ ನೋಡುತ್ತೇನೆ. ಈ ಕಸುಬಿನಲ್ಲಿ ಇರುವ ತನಕ ಇದು ತಪ್ಪಿದ್ದಲ್ಲ.

ಎಡಕ್ಕೆ ಮಾತ್ರ

ಕೆ.ಬಿ. ಬಡಾವಣೆಯ ಕಾಲೇಜು ಮೇಷ್ಟ್ರೊಬ್ಬರ ಸ್ಕೂಟರ್ ಬಲಕ್ಕೆ ತಿರುಗಿಸಿದರೆ ಬಂದ್ ಬೀಳುತ್ತಿತ್ತು. ಹ್ಯಾಂಡಲ್ ಬಲಕ್ಕೆ ಹೊರಳಿದಾಗ ಒಳಗಿನ ಒಂದು ವೈರ್ ಜಗ್ಗಿ ಕರೆಂಟ್ ಕಡಿಯುತ್ತಿತ್ತು, ಅಷ್ಟೇ. ಬೇರೆಯವರಾಗಿದ್ದರೆ ರಿಪೇರಿಗೆ ಬರುತ್ತಿದ್ದರು. ಇವರು ಬಲಕ್ಕೆ ತಿರುಗುವುದನ್ನೇ ಬಿಟ್ಟರು. ಬಲಗಡೆಯ ಹಾಲಿನಂಗಡಿಗೆ ಹೋಗಬೇಕಾದರೆ ನೇರ ಮುಂದೆ ಹೋಗಿ, ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ. ಒಂದು ದಿನ ಬೆವರು ಒರೆಸಿಕೊಳ್ಳುತ್ತಾ ಗಾಡಿ ತಳ್ಳಿಕೊಂಡು ಬಂದರು.

"ಮೊದ್ಲೇ ಬರಬಾರದಿತ್ತಾ ಸಾರ್?" ಅಂದೆ.

"ಬರಬೇಕಂತಾನೇ ಇದ್ದೆ ಮಿಸ್ತ್ರಿ. ನಿಮ್ಮ ಅಂಗಡಿ ಬಲಕ್ಕೆ ಐತಲ್ಲ."

ವೈರ್ ಬದಲಿಸಿ ಕೊಟ್ಟೆ. ಮೇಷ್ಟ್ರು ಹ್ಯಾಂಡಲ್ಲನ್ನು ಬಲಕ್ಕೆ ಹೊರಳಿಸಿ ನೋಡಿ ಬಹಳ ಸಂತೋಷಪಟ್ಟರು. ಆಮೇಲೆ ಎಡಕ್ಕೆ ತಿರುಗಿಸಿಕೊಂಡು ಹೊರಟರು. ಯಾಕೆಂದು ಕೇಳಿದರೆ, "ಆ ದಾರ್ಯಾಗೆ ಈಗ ಪರಿಚಯದೋರು ಭಾಳ ಆಗ್ಯಾರೆ" ಅಂದರು.

ಇಬ್ಬರ ಒಂದು ಗಾಡಿ

ನನ್ನ ನಿದ್ದೆ ಕೆಡಿಸಿದ್ದು ಒಂದು ಸಣ್ಣ ಗೂಡ್ಸ್ ಗಾಡಿ. ಅದಕ್ಕೆ ಇಬ್ಬರು ಮಾಲೀಕರು. ಒಬ್ಬರು ಮಂಡಕ್ಕಿ ಭಟ್ಟಿ ನಡೆಸುವ ಭಾಯಿ, ಇನ್ನೊಬ್ಬರು ಬೆಲ್ಲದ ವ್ಯಾಪಾರದ ಅಣ್ಣಾರು. ಮೀಸೆ ಚಿಗುರುವ ಮುಂಚಿನಿಂದ ಸ್ನೇಹಿತರು. ಹಿಂದೆ ಮಂಡಕ್ಕಿ ಚೀಲ, ಬೆಲ್ಲದ ಪೆಂಟೆ ಹೇರಿಕೊಂಡು, ಮುಂದೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು, ಹರಿಹರ, ಕೊಕ್ಕನೂರು ಎಂದು ದಿನವೂ ಸುತ್ತುತ್ತಿದ್ದರು.

ಆ ಗಾಡಿಗೆ ರೋಡಿನಲ್ಲಿ ಇದ್ದಕ್ಕಿದ್ದಂತೆ ಲೈಟು, ಹಾರ್ನು, ಮೀಟರು ಎಲ್ಲ ಒಟ್ಟಿಗೆ ಸಾಯುತ್ತಿದ್ದವು. ಇಂಜಿನ್ನೂ ಜೊತೆಗೇ ಹೋಗುತ್ತಿತ್ತು. ನನ್ನ ಅಂಗಡಿ ಮುಂದೆ ಮಾತ್ರ ಇಡೀ ದಿನ ಚಾಲೂ ಇಟ್ಟರೂ ಒಮ್ಮೆ ಕೆಮ್ಮಲಿಲ್ಲ. ಫ್ಯೂಸ್ ಬದಲಿಸಿದೆ, ಕೀ ಸ್ವಿಚ್ ಬದಲಿಸಿದೆ, ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿ ಜೋಡಿಸಿದೆ. ಪ್ರತಿ ಸಲವೂ "ಇನ್ನು ಚಿಂತಿ ಬ್ಯಾಡ್ರಿ" ಅಂತ ಕಳಿಸುತ್ತಿದ್ದೆ. ಮರುದಿನ ಬಂದು, "ಚಿಂತಿ ಇಲ್ಲ ಮಿಸ್ತ್ರಿ, ಗಾಡೀನೂ ಮುಂದ ಹೋಗ್ತಿಲ್ಲ" ಅನ್ನುತ್ತಿದ್ದರು.

ಹೊಸ ಬ್ಯಾಟರಿ, ಹಳೆಯ ಭಕ್ತಿ

ಕೊನೆಗೆ ಬ್ಯಾಟರಿಯನ್ನೇ ಬದಲಿಸೋಣ ಅಂದೆ. ಹಳೆಯದರ ಪೆಟ್ಟಿಗೆ ತೆರೆದರೆ ಎರಡೂ ಟರ್ಮಿನಲ್‌ಗೆ ದಾರ. ಪ್ಲಸ್ಸಿಗೆ ಅಣ್ಣಾರು ಗುಡಿಯಿಂದ ತಂದ ಅರಿಶಿನ ದಾರ, ಮೈನಸ್ಸಿಗೆ ಭಾಯಿ ದರ್ಗಾದಿಂದ ತಂದ ಹಸಿರು ದಾರ. ದೇವರ ವಸ್ತು, ನಾನು ಕೈ ಹಚ್ಚಲಿಲ್ಲ. "ಬ್ಯಾಟರಿ ನೀವೇ ಬದಲಿಸಿ, ಹೊಸದಕ್ಕೆ ಹೊಸ ದಾರ ನೀವೇ ಕಟ್ಕೊಳ್ರಿ" ಎಂದು ಸ್ಪ್ಯಾನರ್ ಕೊಟ್ಟು, ಆಚೆ ಹೋಗಿ ಟೀ ಕುಡಿದೆ. ಭಕ್ತಿಯಿಂದ ಕುಡಿದೆ.

ಮೂರನೇ ದಿನ ಇಬ್ಬರೂ ಬೇರೆ ಬೇರೆ ಆಟೋದಲ್ಲಿ ಬಂದರು. ಅದನ್ನು ನೋಡಿಯೇ ನನಗೆ ಸಂಕಟವಾಯಿತು.

"ಮಾರಿಬಿಡ್ತೀವಿ ಮಿಸ್ತ್ರಿ" ಅಂದರು ಅಣ್ಣಾರು. "ಶುಕ್ರವಾರ ದಲ್ಲಾಳಿ ಬರ್ತಾನೆ. ಆಮೇಲೆ ಅವರ ದಾರಿ ಅವರಿಗೆ, ನಂದು ನಂಗೆ."

ಭಾಯಿ ನೆಲ ನೋಡುತ್ತಾ, "ಗಾಡಿ ಹೋದ್ರೆ ನಾವಿಬ್ರೂ ಬರೇ ಹಬ್ಬಕ್ಕೆ ಸಿಗೋರು" ಅಂದರು.

"ಒಂದ್ಸಲ ನಾನೂ ಜೊತೆಗೆ ಬರ್ತೀನಿ, ಹರಿಹರಕ್ಕೆ ನಡೀರಿ" ಅಂದೆ.

ಹಂಪಿನ ಮೇಲೆ

ಭಟ್ಟಿಯ ಮುಂದೆ ನಿಲ್ಲಿಸಿದ್ದ ಗಾಡಿಯಲ್ಲಿ ಇಬ್ಬರ ನಡುವೆ ನನ್ನನ್ನು ತುರುಕಿಕೊಂಡು ಹೊರಟರು. ಹರಿಹರ ಇನ್ನೇನು ಬಂತು ಅನ್ನುವಾಗ ಒಂದು ಹಂಪ್. ಗಾಡಿ ಎದ್ದು ಬಿತ್ತು, ಎಲ್ಲ ಸತ್ತವು. ನನಗಾದ ಆನಂದ ಹೇಳತೀರದು. ಕೊನೆಗೂ ನನ್ನೆದುರು ಕೆಟ್ಟಿತ್ತು.

ನಾನು ಟೆಸ್ಟ್ ಲೈಟ್ ಹುಡುಕುವಷ್ಟರಲ್ಲಿ ಅವರಿಬ್ಬರೂ ಇಳಿದು ಬ್ಯಾಟರಿ ಪೆಟ್ಟಿಗೆ ತೆರೆದರು. ಅಣ್ಣಾರು ಜೇಬಿನಿಂದ ಸ್ಪ್ಯಾನರ್ ತೆಗೆದು ಪ್ಲಸ್ಸಿಗೆ ವೈರ್ ಹಿಡಿದಿಡುವ ಕ್ಲಾಂಪ್ ಸಡಿಲಿಸಿದರು. ಇನ್ನೊಂದು ಜೇಬಿನಿಂದ ಹೊಸ ದಾರ ತೆಗೆದು, ಕಣ್ಣು ಮುಚ್ಚಿ, ಟರ್ಮಿನಲ್ಲಿಗೆ ಸುತ್ತಿ, ಅದರ ಮೇಲೆ ಕ್ಲಾಂಪ್ ಒತ್ತಿ ಬಿಗಿದರು. ಸ್ಪ್ಯಾನರ್ ಭಾಯಿಯ ಕೈಗೆ ಹೋಯಿತು. ಮೈನಸ್ಸಿಗೂ ಅದೇ ಸೇವೆ. ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್.

"ನೋಡಿದ್ರಾ?" ಅಂದರು ಅಣ್ಣಾರು. "ನಿಂತಾಗೆಲ್ಲ ಒಂದೊಂದು ಕಟ್ತೀವಿ, ಆಗ ಹೊಂಡ್ತೈತೆ. ನಿಮ್ಮ ಫ್ಯೂಸಿಗೆ ಯಾವತ್ತಾರ ಹಿಂಗ ಹೊಂಟಿತ್ತಾ?"

ಹೊರಟಿರಲಿಲ್ಲ ನಿಜ. ಕ್ಲಾಂಪ್ ಬಿಚ್ಚಿ ಬಿಗಿದಾಗ ಎಲ್ಲೋ ಒಂದು ಕಡೆ ಟರ್ಮಿನಲ್ಲಿನ ಸೀಸಕ್ಕೆ ಕ್ಲಾಂಪಿನ ಸೀಸ ತಾಗಿ ಗಾಡಿ ಹೊರಡುತ್ತಿತ್ತು. ಮುಂದಿನ ಹಂಪಿಗೆ ಕ್ಲಾಂಪ್ ದಾರದ ಮೇಲೆ ಜಾರಿ ಕರೆಂಟ್ ಕಡಿಯುತ್ತಿತ್ತು. ಕೆಟ್ಟಷ್ಟೂ ದಾರ, ದಾರ ಹೆಚ್ಚಾದಷ್ಟೂ ಕೆಡುವುದು. ಕರೆಂಟಿಗೆ ದಾರದೊಳಗೆ ಹಾಯುವ ಭಕ್ತಿ ಇಲ್ಲ ಎಂದು ತಿಳಿಸಿ ಹೇಳಿದೆ.

ಇಬ್ಬರೂ ಒಪ್ಪಿದರು. ಆದರೆ ಬಿಚ್ಚುವವರು ಯಾರು? ಕಟ್ಟಿದವರು ಬಿಚ್ಚಬಾರದಂತೆ, ಇನ್ನೊಬ್ಬರದನ್ನು ಮುಟ್ಟಬಾರದಂತೆ. ಉಳಿದವನು ನಾನೊಬ್ಬ. ಕೈ ಮುಗಿದು ಮೈನಸ್ಸಿಗೆ ಸ್ಪ್ಯಾನರ್ ಹಾಕಿದೆ.

"ಭಾಯೀದು ಯಾಕ ಮೊದಲು?" ಅಂದರು ಅಣ್ಣಾರು, ಸ್ನೇಹಿತನಿಗೆ ಅನ್ಯಾಯವಾಯಿತೆಂಬ ದನಿಯಲ್ಲಿ.

"ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಬ್ಯಾಟರಿ ನಿಯಮ ರೀ."

"ಸರಿ ಐತೆ" ಅಂದರು ಭಾಯಿ. "ಒಮ್ಮೆ ನಾನು, ಒಮ್ಮೆ ನೀನು."

ದಾರಗಳನ್ನೆಲ್ಲ ಕನ್ನಡಿಗಳಿಗೆ ಕಟ್ಟಿಸಿದೆ. ಎಡಗನ್ನಡಿಗೆ ಅರಿಶಿನ, ಬಲಗನ್ನಡಿಗೆ ಹಸಿರು. ವಾಪಸ್ ಬರುವಾಗ ಅಣ್ಣಾರು ಬೇಕೆಂದೇ ಎಲ್ಲ ಹಂಪಿನ ಮೇಲೂ ಜೋರಾಗಿ ಹಾರಿಸಿದರು. ಸತ್ತದ್ದು ನನ್ನ ಸೊಂಟ ಮಾತ್ರ. ಶುಕ್ರವಾರ ದಲ್ಲಾಳಿ ಬಂದಾಗ ಇಬ್ಬರೂ ಮಂಡಕ್ಕಿ ಹೇರಿಕೊಂಡು ಕೊಕ್ಕನೂರಿಗೆ ಹೋಗಿದ್ದರು. ಭುಜಕ್ಕೆ ಭುಜ ತಾಗಿಸಿ ಕೂತೇ ಹೋದರೆಂದು ಕೇಳಿ ಮನಸ್ಸಿಗೆ ತುಂಬಾ ಹಿತವಾಯಿತು.

ನನ್ನ ಕೆಲಸಕ್ಕೆ ಹೆಸರು ಬರಬಹುದೆಂದು ಕಾದೆ. ಬಂತು. ಇಬ್ಬರೂ ಸಿಕ್ಕವರಿಗೆಲ್ಲ, "ದಾರ ಒಳ್ಳೇದೇ ಇತ್ತು, ನಾವು ಕಟ್ಟೋ ಜಾಗ ತಪ್ಪಿತ್ತು. ವಿನೋಬನಗರದ ಮಿಸ್ತ್ರಿ ಜಾಗ ತೋರಿಸಿಕೊಟ್ರು" ಎಂದು ಸಾರಿದರು. ಈಗ ನನ್ನ ಅಂಗಡಿ ಮುಂದೆ ಏನೂ ಕೆಡದ ಗಾಡಿಗಳು ಸಾಲು ನಿಲ್ಲುತ್ತವೆ.

ಮೊನ್ನೆ ಕಾಲೇಜು ಮೇಷ್ಟ್ರು ಬಂದರು. ಕೈಯಲ್ಲಿ ಕೆಂಪು ದಾರ. ಸುತ್ತಮುತ್ತ ನೋಡಿ, ಮೆಲ್ಲಗೆ, "ಮಿಸ್ತ್ರಿ, ಸ್ಕೂಟರಿಗಾದ್ರೆ ಯಾವ ಕಡೆ ಕಟ್ಟಬೇಕು?" ಅಂದರು.

"ಎಡಕ್ಕೆ ಸಾರ್" ಅಂದೆ.