ನಮ್ಮೂರವರು ಗುಹೆ ಹೊಕ್ಕರೆ

ಕತೆಯನ್ನು ನಾನು ಎಷ್ಟೇ ಗಟ್ಟಿಯಾಗಿ ಕಟ್ಟಿಕೊಂಡು ಕೂತರೂ ನಮ್ಮವರು ಒಂದೇ ಮಾತಿನಲ್ಲಿ ಅದನ್ನು ಮಗುಚಿ ಹಾಕುತ್ತಾರೆ. ವಾರ ವಾರವೂ ಹೀಗೇ ಆಗುತ್ತದೆ. ಮುಂದಿನ ವಾರ ಹೀಗಾಗದು ಎಂದು ವಾರ ವಾರವೂ ನಂಬುವವನು ನಾನು.

ಶಿಕಾರಿಪುರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಭಾನುವಾರ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ, ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಒಂದು ಆಟ ನಡೆಸುತ್ತೇನೆ. ಇದು ಮಾತಿನ ಆಟ. ನಾನು ಒಂದು ಗುಹೆಯನ್ನೋ ಪಾಳುಕೋಟೆಯನ್ನೋ ಬಣ್ಣಿಸುತ್ತೇನೆ. ಆಡುವವರು ತಂತಮ್ಮ ಮನೆಯಿಂದಲೇ ವೀಡಿಯೊ ಕಾಲಿನಲ್ಲಿ ಬಂದು, ಒಬ್ಬರು ಯೋಧ, ಒಬ್ಬರು ಮಂತ್ರವಾದಿನಿ, ಒಬ್ಬರು ಕಳ್ಳಿಯಾಗಿ ಅದರೊಳಗೆ ನುಗ್ಗುತ್ತಾರೆ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಪರದೆಯ ಮೇಲೆ ಉರುಳುವ ಇಪ್ಪತ್ತು ಮುಖದ ದಾಳ ಹೇಳುತ್ತದೆ; ಇಪ್ಪತ್ತು ಬಿದ್ದರೆ ಗೆದ್ದಂತೆ, ಒಂದು ಬಿದ್ದರೆ ಕೆಟ್ಟಂತೆ. ಗುಹೆಯ ಭೂತ, ಬೇತಾಳ, ಕಾವಲುಗಾರ ಎಲ್ಲರ ಬಾಯಿಯೂ ನಾನೇ.

ಆಡುವವರು ಮೂವರು. ಯೋಧ ನಮ್ಮೂರಿನ ಒಬ್ಬ ಮೆಕ್ಕೆಜೋಳದ ವ್ಯಾಪಾರಿ. ಕಳ್ಳಿ ಕ್ಯಾಸನೂರು ಕಡೆಯ ಒಬ್ಬ ನರ್ಸ್. ಮಂತ್ರವಾದಿನಿ ಸೊರಬದಲ್ಲಿರುವ ನನ್ನ ಚಿಕ್ಕಮ್ಮ, ಹೈಸ್ಕೂಲ್ ಟೀಚರು.

ಈ ಚಿಕ್ಕಮ್ಮನಿಗೂ ನನ್ನ ಅಮ್ಮನಿಗೂ ಆಗ ಒಂದು ವರ್ಷದಿಂದ ಮಾತಿರಲಿಲ್ಲ. ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಅಮ್ಮ ಸೊರಬಕ್ಕೆ ಹೋಗಿ ಕುಂಕುಮವಿಟ್ಟು ಕರೆಯಲಿಲ್ಲ, ಕಾರ್ಡಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಚಿಕ್ಕಮ್ಮ ಬರಲಿಲ್ಲ. ಅಂದಿನಿಂದ ಒಬ್ಬರ ಹೆಸರನ್ನು ಒಬ್ಬರು ಎತ್ತುವುದಿಲ್ಲ. ಆದರೆ ಭಾನುವಾರ ಚಿಕ್ಕಮ್ಮನ ದನಿ ಲ್ಯಾಪ್‌ಟಾಪಿನಿಂದ ಹೊರಟ ಕೂಡಲೇ ಅಮ್ಮ ಬೆಳ್ಳುಳ್ಳಿ ಬುಟ್ಟಿ ಹಿಡಿದು ಅದೇ ಕೋಣೆಗೆ ಬಂದು ಸುಲಿಯುತ್ತ ಕೂರುತ್ತಿದ್ದಳು. ಅಷ್ಟೊಂದು ಬೆಳ್ಳುಳ್ಳಿಗೆ ನಮ್ಮ ಮನೆಯಲ್ಲಿ ಕೆಲಸವೇ ಇರಲಿಲ್ಲ. ಇದನ್ನು ಕಂಡ ಮೇಲೆ ಆಟ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಇವರಿಬ್ಬರೂ ಮಾತಾಡಬೇಕು ಎಂಬುದು ಬಿಟ್ಟರೆ ಆ ಗುಹೆಗಳಲ್ಲಿ ನನಗೆ ಬೇರೆ ನಿಧಿ ಬೇಕಿರಲಿಲ್ಲ.

ಬೂಟು

ಮೊದಲ ಗುಹೆಯ ಬಾಗಿಲ ಮೇಲೆ ಒಬ್ಬ ದೇವಿಯ ಮುಖ ಕೆತ್ತಿದೆ ಎಂದು ಬಣ್ಣಿಸಿದೆ. ಸ್ವಲ್ಪ ಭಯ ಹುಟ್ಟಲಿ ಎಂದು ಹೇಳಿದ್ದು. ಒಳಗೆ ನೆಲದ ತುಂಬ ಮುಳ್ಳು ಹಾಸಿದ್ದೆ. ಮೂವರಿಗೂ ದಪ್ಪ ಅಟ್ಟೆಯ ಬೂಟು ಕೊಟ್ಟಿದ್ದರಿಂದ ಅದೇನೂ ದೊಡ್ಡ ವಿಷಯವಾಗಬಾರದಿತ್ತು.

"ಒಳಗೆ ಹೋಗ್ತೀರಾ?" ಅಂದೆ.

"ಹೋಗ್ತೀವ್ರಿ," ಅಂದರು ವ್ಯಾಪಾರಿ. "ಬೂಟು ಹೊರಗೆ ಬಿಟ್ಟು."

"ಯಾಕ್ರೀ?"

"ದೇವ್ರ ಮುಖ ಐತಿ ಅಂತ ನೀವೇ ಹೇಳಿದ್ರಲ್ರೀ. ಬೂಟು ಹಾಕ್ಕೊಂಡು ಹೆಂಗ್ ಹೋಗೋದು?"

"ಅದು ದುಷ್ಟ ದೇವಿ."

"ದುಷ್ಟ ದೇವಿ ಆದ್ರೆ ಇನ್ನೂ ಹುಷಾರಾಗಿರ್ಬೇಕು," ಅಂದಳು ನರ್ಸ್. ಕಾಲು ತೊಳೆಯಲು ಅಲ್ಲೆಲ್ಲಾದರೂ ನೀರಿದೆಯಾ ಎಂದು ಚಿಕ್ಕಮ್ಮ ಕೇಳಿದಳು. ಬಾಗಿಲ ಪಕ್ಕ ಒಂದು ತೊರೆ ಹರಿಸಿಕೊಟ್ಟೆ.

ಮೂವರೂ ಕಾಲು ತೊಳೆದುಕೊಂಡು ಭಕ್ತಿಯಿಂದ ಮುಳ್ಳಿನ ಮೇಲೆ ಕಾಲಿಟ್ಟರು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಜೀವ ಬಾಯಿಗೆ ಬಂತು. ನನಗೇ ಪಾಪ ಅನ್ನಿಸಿ, "ವಾಪಸ್ ಬಂದು ಬೂಟು ಹಾಕ್ಕೊಳ್ಳಿ, ದೇವಿ ಬೇಜಾರು ಮಾಡ್ಕೊಳಲ್ಲ" ಅಂದೆ.

"ಮೊದ್ಲು ಬೂಟು ಅಲ್ಲೇ ಇದಾವೇನು ನೋಡ್ರಿ," ಎಂದು ವ್ಯಾಪಾರಿ ದಾಳ ಉರುಳಿಸಿದರು. ಒಂದು ಬಿತ್ತು. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಅಭ್ಯಾಸವಿದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಮಂಗ

ಇನ್ನೊಂದು ವಾರ ಕಾಡಿನ ದಾರಿಗೆ ಒಂದು ಅಪಶಕುನ ಬೇಕಾಗಿತ್ತು. "ದಾರಿಗಡ್ಡ ಒಂದು ಮಂಗ ಸತ್ತು ಬಿದ್ದಿದೆ" ಅಂದೆ.

ನನ್ನ ಮಾತು ಮುಗಿಯುವುದಕ್ಕೂ ನರ್ಸ್ ಕುರ್ಚಿಯಿಂದ ಏಳುವುದಕ್ಕೂ ಸರಿಹೋಯಿತು. ಅವಳದು ಮಂಗನ ಕಾಯಿಲೆಯ ಸೀಮೆ. ಕಾಡಿನಲ್ಲಿ ಮಂಗ ಸತ್ತಿತೆಂದರೆ ಅದರ ಮೈಮೇಲಿನ ಉಣುಗು ಉದುರಿ ಮನುಷ್ಯರನ್ನು ಕಚ್ಚಿ ಜ್ವರ ತರುತ್ತದೆಂದು ಅಲ್ಲಿ ಮಕ್ಕಳಿಗೂ ಗೊತ್ತು.

"ಯಾರೂ ಮುಂದೆ ಹೋಗಂಗಿಲ್ಲ. ನಿಂತಲ್ಲೇ ನಿಂತ್ಕಳಿ," ಅಂದಳು.

"ಇದು ಮಾಟದ ಮಂಗ," ಅಂದೆ.

"ಎಂತ ಮಂಗ ಆದ್ರೂ ಆಸ್ಪತ್ರೆಗೆ ತಿಳಿಸ್ಬೇಕು. ನಿಮ್ಮ ಈ ರಾಜ್ಯದಾಗೆ ಆಸ್ಪತ್ರೆ ಎಲ್ಲಿದೆ?"

ಆಸ್ಪತ್ರೆ ಇರಲಿಲ್ಲ. ಅರಮನೆ ಕಟ್ಟಿದ್ದೆ, ಸೆರೆಮನೆ ಕಟ್ಟಿದ್ದೆ, ಹೆಂಡದಂಗಡಿಗಳನ್ನು ಬೇಕಾದಷ್ಟು ಕಟ್ಟಿದ್ದೆ. ನಾಚಿಕೆಯಾಗಿ ಅಲ್ಲೇ ಒಂದು ಆಸ್ಪತ್ರೆ ಎಬ್ಬಿಸಿದೆ. ಆ ಭಾನುವಾರವಿಡೀ ಯೋಧ ಕತ್ತಿಯನ್ನು ಒರೆಗೆ ಸೇರಿಸಿ ಮನೆಮನೆಗೆ ಉಣುಗು ಕಚ್ಚದಂತೆ ಹಚ್ಚುವ ಎಣ್ಣೆ ಹಂಚಿದ. ಪೊದೆಯಲ್ಲಿ ಹೊಂಚು ಹಾಕಿದ್ದ ನನ್ನ ರಕ್ಕಸರನ್ನೂ ನರ್ಸ್ ಬಿಡಲಿಲ್ಲ. ಸಾಲಾಗಿ ನಿಲ್ಲಿಸಿ ಕೈಕಾಲಿಗೆ ಎಣ್ಣೆ ಹಚ್ಚಿಸಿದಳು.

"ಇವ್ರ ಜೊತೆ ಯುದ್ಧ ಇತ್ತು," ಎಂದು ನೆನಪಿಸಿದೆ.

"ಬರೋ ವಾರ ಮಾಡನ. ಜ್ವರ ಬಂದು ಮಲಗಿದ್ರೆ ಯುದ್ಧಕ್ಕೆ ಯಾರು ಬರ್ತಾರೆ?"

ನಾವೆಲ್ಲ ನಕ್ಕೆವು. ಅವಳು ಮಾತ್ರ ನಗಲಿಲ್ಲ. ಆ ಜ್ವರ ಬಂದವರನ್ನು ಅವಳು ಕಣ್ಣಾರೆ ಕಂಡವಳು ಎಂಬುದು ನನಗೆ ಆಮೇಲೆ ಹೊಳೆಯಿತು. ಅಂದಿನಿಂದ ನಮ್ಮ ಕಾಡಿನಲ್ಲಿ ಮಂಗ ಸಾಯುವುದಿಲ್ಲ, ಅಪಶಕುನಕ್ಕೆ ಬೆಕ್ಕು ಸಾಕು.

ಬೆಲ್ಲ

ಸೇತುವೆಯ ಮೇಲೆ ಒಬ್ಬ ಕುಳ್ಳ ರಕ್ಕಸನನ್ನು ಕಾವಲಿಗೆ ನಿಲ್ಲಿಸಿದ್ದೆ. ಯೋಧ ಕತ್ತಿ ಹಿರಿಯುವ ಮೊದಲೇ ಚಿಕ್ಕಮ್ಮ, "ಬಿಸ್ಲಲ್ಲಿ ನಿಂತಿದಾನೆ ಪಾಪ, ಬೆಲ್ಲ ನೀರು ಕೊಡ್ತೀನಿ" ಅಂದಳು. ರಕ್ಕಸ ಬೆಲ್ಲ ತಿಂದು ನೀರು ಕುಡಿದ. ಬಾಯಿ ನನ್ನದೇ, ಬೇಡ ಅನ್ನಲಾಗಲಿಲ್ಲ.

"ಈಗ ಹೊಡೀಲೇನ್ರಿ?" ಅಂದರು ವ್ಯಾಪಾರಿ.

"ನಮ್ಮ ಕೈಯಿಂದ ಬೆಲ್ಲ ತಿಂದವನಿಗೆ ಹೊಡೆಯಾದಾ? ಎಂತ ಮನುಷ್ಯರು ನೀವು?"

ಆಮೇಲೆ ಅದೇ ಪದ್ಧತಿಯಾಯಿತು. ನಾನು ನಿಲ್ಲಿಸಿದ ಕಾವಲುಗಾರರೆಲ್ಲ ಬೆಲ್ಲ ತಿಂದು ಇವರ ಹಿಂದೆಯೇ ದಿಬ್ಬಣದಂತೆ ಹೊರಟರು.

ಹೀಗೆ ಬೆಲ್ಲ ಹಂಚುತ್ತಿದ್ದ ಒಂದು ದಿನ ನನ್ನ ಬೆನ್ನ ಹಿಂದಿನಿಂದ ಒಂದು ಮಾತು ಬಂತು. "ರಾಕ್ಷಸರಿಗೆಲ್ಲ ಉಪಚಾರ ಗೊತ್ತು. ಅಕ್ಕನ ಮನೆ ದಾರಿ ಮಾತ್ರ ಗೊತ್ತಿಲ್ಲ." ಅಮ್ಮ ಇದನ್ನು ಬುಟ್ಟಿಯ ಕಡೆ ನೋಡಿಕೊಂಡು ಹೇಳಿದ್ದಳು. ಮೈಕು ಆನ್ ಇತ್ತು.

ಚಿಕ್ಕಮ್ಮ ವೀಡಿಯೊದಲ್ಲಿ ನನ್ನ ಬೆನ್ನ ಹಿಂದಿನ ಬುಟ್ಟಿಯನ್ನು ದಿಟ್ಟಿಸಿ ನೋಡಿದಳು. ಆಮೇಲೆ, "ಪುಟ್ಟ, ನಿಮ್ಮನೇಲಿ ಬೆಳ್ಳುಳ್ಳಿ ಮಾತಾಡ್ತಿದೆ. ಮೈಕ್ ಆಫ್ ಮಾಡು" ಅಂದಳು.

ರಾಕ್ಷಸಿ

ಕೊನೆಯ ಗುಹೆಯಲ್ಲಿ ನಿಧಿ, ನಿಧಿಯ ಮೇಲೊಬ್ಬ ರಾಕ್ಷಸಿ. ಆ ಭಾನುವಾರ ನನ್ನ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ನಿಜಕ್ಕೂ ಕಟ್ಟಿತ್ತು, ಅಮ್ಮ ಇವತ್ತಿಗೂ ನಂಬುವುದಿಲ್ಲ.

ಬುಟ್ಟಿ ಪಕ್ಕಕ್ಕಿಟ್ಟು ಅಮ್ಮನನ್ನು ಮೈಕಿನ ಮುಂದೆ ಕೂರಿಸಿದೆ. ಪರದೆಯ ಮೇಲೆ ಗುಹೆಯ ಚಿತ್ರವಿತ್ತು, ನಮ್ಮ ಮುಖ ಆ ಕಡೆಯವರಿಗೆ ಕಾಣುತ್ತಿರಲಿಲ್ಲ. "ಯಾರದು ನನ್ನ ಮನೆಗೆ ಬಂದಿದ್ದು ಅಂತ ಗದರ್ಸು. ಮುಂದಿಂದು ಬರೆದು ತೋರಿಸ್ತೀನಿ," ಎಂದು ಪಿಸುಗುಟ್ಟಿದೆ.

"ಯಾರದು ನನ್ನ ಮನೆಗೆ ಬಂದಿದ್ದು?" ಅಂದಳು ಅಮ್ಮ.

"ದನಿ ಚಲೋ ಮಾಡೀರಿ," ಅಂದರು ವ್ಯಾಪಾರಿ.

"ನಾನು," ಅಂದಳು ಚಿಕ್ಕಮ್ಮ ತಣ್ಣಗೆ.

ನಾನು ಬರೆದಿದ್ದನ್ನು ಅಮ್ಮ ತಿರುಗಿಯೂ ನೋಡಲಿಲ್ಲ. "ಕರೆದಾಗ ಬರ್ಲಿಲ್ಲ. ಈಗ ಕರೀದೇ ಬಂದ್ಯಾ?"

"ಕರೆದವರು ಯಾರು? ಫೋನಿಗೆ ಒಂದು ಫೋಟೊ ಬಂತು. ನಿಮ್ಮನೆ ಹಾಲಿನವನಿಗೂ ಅದೇ ಫೋಟೊ, ನಂಗೂ ಅದೇ ಫೋಟೊ."

"ಒಡಹುಟ್ಟಿದವಳನ್ನ ಬಾಗ್ಲಿಗೆ ಬಂದು ಕರೀಬೇಕಾ?"

"ಒಡಹುಟ್ಟಿದವಳನ್ನೇ ಮೊದ್ಲು ಕರೀಬೇಕು. ಕುಂಕುಮದ ಬಟ್ಲು ಹಿಡ್ಕೊಂಡು ಬರ್ತೀಯ ಅಂತ ದಿನಾ ಬಾಗ್ಲು ನೋಡಿದೀನಿ."

"ಇದು ನಿಧಿ ಸುಳಿವೇನ್ರೀ?" ಎಂದು ವ್ಯಾಪಾರಿ ಸಣ್ಣ ದನಿಯಲ್ಲಿ ನರ್ಸನ್ನು ಕೇಳಿದರು. "ಸುಮ್ನೆ ಕೇಳಿಸ್ಕಳಿ, ಬೇಕಾಗ್ಬೋದು," ಅಂದಳು ಅವಳು.

ಅಮ್ಮ ಮಂಡಿ ನೀವಿಕೊಂಡಳು. ಆಮೇಲೆ ರಾಕ್ಷಸಿಯ ದನಿ ಹೋಗಿ ಅವಳದೇ ದನಿ ಬಂತು. "ಬರ್ಬೇಕು ಅಂತಲೇ ಇದ್ದೆ ಕಣೆ. ಮಂಡಿ ಊದ್ಕೊಂಡಿತ್ತು. ಬಸ್ಸಿನ ಮೆಟ್ಲು ಹತ್ತಕ್ಕೆ ಆಗ್ತಿರ್ಲಿಲ್ಲ. ಹೇಳಿದ್ರೆ ನೀನು ಗಾಬರಿ ಬೀಳ್ತೀಯ ಅಂತ ಹೇಳ್ಲಿಲ್ಲ."

ಇದು ನನಗೂ ಗೊತ್ತಿರಲಿಲ್ಲ. ದಿನವೂ ಒಂದೇ ಮನೆಯಲ್ಲಿದ್ದು, ಊರವರ ಕಣ್ಣು ಪರೀಕ್ಷೆ ಮಾಡುವ ನನಗೆ ಅಮ್ಮನ ನಡಿಗೆ ಕಂಡಿರಲಿಲ್ಲ.

ವ್ಯಾಪಾರಿಗೆ ಮಾತ್ರ ದಾರಿ ಸಿಕ್ಕಿಬಿಟ್ಟಿತ್ತು. "ರಾಕ್ಷಸಿಗೆ ಮಂಡಿ ವೀಕ್ ಐತಿ. ಅಲ್ಲಿಗೇ ಹೊಡೀತೀನಿ ನಾನು," ಎಂದು ದಾಳ ಉರುಳಿಸಿಯೇಬಿಟ್ಟರು. ಅಷ್ಟು ದಿನ ಬೀಳದಿದ್ದ ಇಪ್ಪತ್ತು ಆಗ ಬಿತ್ತು.

"ನಮ್ಮಕ್ಕನ ಮಂಡಿ ಮುಟ್ಟಿದ್ರೆ ನೋಡಿ," ಅಂದಳು ಚಿಕ್ಕಮ್ಮ. ಅಂದವಳೇ, ರಾಕ್ಷಸಿಗೆಂದು ಕೂಡಿಟ್ಟಿದ್ದ ಬೆಂಕಿಯ ಮಂತ್ರವನ್ನೆಲ್ಲ ತನ್ನ ಕಡೆಯ ಯೋಧನ ಮೇಲೇ ಸುರಿದಳು. ಯೋಧ ನಿಂತಲ್ಲೇ ಬೂದಿಯಾದ.

"ಎಕ್ಸ್‌ರೇ ಮಾಡ್ಸಿದೀರಾ ಅಮ್ಮಾ?" ಎಂದು ನರ್ಸ್ ರಾಕ್ಷಸಿಯನ್ನು ವಿಚಾರಿಸಿದಳು.

"ನಾಳೆ ಬಸ್ಸಿಗೆ ನಾನೇ ಅಲ್ಲಿಗೆ ಬರ್ತೀನಿ ಕಣೆ," ಅಂದಳು ಅಮ್ಮ.

"ಆ ಕಾಲಲ್ಲಿ ನೀನೇನೂ ಬರಾದು ಬೇಡ. ನಾನೇ ಬರ್ತೀನಿ. ನಿನ್ನ ಬಾಗ್ಲಲ್ಲೇ ಕುಂಕುಮ ಇಟ್ಟು ಕರಿ. ಕರೆದ ಮೇಲೇ ಒಳಗೆ ಬರಾದು."

ವರ್ಷದ ಹಿಂದೆ ಮುಗಿದ ಗೃಹಪ್ರವೇಶಕ್ಕೆ ಕರೆಯಲು ಅಮ್ಮ ಆ ಕ್ಷಣವೇ ಮಂಡಿ ಹಿಡಿದುಕೊಂಡು ಎದ್ದಳು. ಕಣ್ಣೊರೆಸಿಕೊಂಡು ನಾನು ಮೈಕಿನ ಮುಂದೆ ಕೂತೆ.

ಸತ್ತ ಯೋಧನ ದನಿ ಬಂತು. "ಕನ್ನಡಕದವ್ರೆ, ರಾಕ್ಷಸಿ ಎದ್ದು ಹೋದ್ರೇನ್ರಿ?"

"ಹೋದ್ರು. ಕುಂಕುಮದ ಬಟ್ಲು ಹುಡುಕ್ತಿದಾರೆ," ಎಂದು ಪಿಸುಗುಟ್ಟಿದೆ.

"ಹಂಗಾದ್ರೆ ಗುಹೆ ಖಾಲಿ ಐತಿ. ನನ್ನ ಒಂಚೂರು ಬದುಕಿಸ್ರಿ. ನಿಧಿ ಎತ್ಕೊಂಡು ಮತ್ತೆ ಬಂದು ಇಲ್ಲೇ ಸಾಯ್ತೀನಿ."