ಮಾವನ ಬಿಸಿಲಿನ ಲೆಕ್ಕ

ಬಿಸಿಲನ್ನು ತೂಕ ಹಾಕಿ ಮಾರುವಂತಿದ್ದರೆ ಆಂಡರ್ಸನ್‌ಪೇಟೆಯಲ್ಲಿ ನಮ್ಮ ಸೋದರಮಾವನದೇ ದೊಡ್ಡ ಅಂಗಡಿ ಇರುತ್ತಿತ್ತು! ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಊರವರೆಲ್ಲ ಬೆಳಿಗ್ಗೆದ್ದು ದೇವರ ಪಟ ನೋಡಿದರೆ, ಇವರು ಅಂಗಳಕ್ಕೆ ಬಂದು ಆಕಾಶವನ್ನು ದೋಸೆಯ ಹಾಗೆ ಮನಸ್ಸಿನಲ್ಲೇ ಎಂಟು ತುಂಡು ಮಾಡುತ್ತಾರೆ. ಎಷ್ಟು ತುಂಡಿನಲ್ಲಿ ಮೋಡವಿದೆ, ಸೂರ್ಯ ಎಷ್ಟು ಮೇಲೇರಿದ್ದಾನೆ, ಗಾಳಿಯಲ್ಲಿ ತೇವ ಎಷ್ಟಿದೆ ಎಂದು ನೋಡಿ, ಕೂಡಿ ಕಳೆದು, ನೆಲಕ್ಕೆ ಬೀಳುವ ಬಿಸಿಲು ಇಷ್ಟೇ ಎಂದು ತೀರ್ಪು ಕೊಡುತ್ತಾರೆ. ಅಳೆಯಲು ಯಂತ್ರ ಬೇಡವೇ?

"ಯಂತ್ರ ಯಾಕ್ಲಾ? ಸೂತ್ರ ಸಾಕು."

ಒಮ್ಮೆ ಎದುರುಮನೆಯಾಕೆ ಸಂಡಿಗೆ ಒಣಹಾಕಿದಾಗ, "ಇವತ್ತಿನ ಬಿಸಿಲು ಸಾಲಲ್ಲಮ್ಮ, ತೆಗೀರಿ" ಎಂದರು. ಆಕೆ ಸಂಜೆ ಗರಿಗರಿಯಾಗಿ ಒಣಗಿದ್ದ ಸಂಡಿಗೆಯನ್ನೇ ಕರಿದು ತಂದಿಟ್ಟರು. ಮಾವ ಒಂದನ್ನು ಮುರಿದು ತಿಂದು, "ಇದು ನಿನ್ನೆ ಬಿಸಿಲು" ಎಂದರು.

ರಾತ್ರಿ ಸೆಕೆ ಎಂದು ಗೊಣಗಿದರೂ ಪಾಠವೇ. "ಮೋಡ ಅಂದ್ರೆ ಕಂಬ್ಳಿ ಕಣ್ಲಾ. ನೆಲದ ಕಾವು ಮೇಲಕ್ಕೋದ್ರೆ ವಾಪಸ್ ಕೆಳಕ್ಕೇ ಕಳಿಸ್ತದೆ."

"ಫ್ಯಾನ್ ಹಾಕ್ಲಾ ಮಾವ?"

"ಕಂಬ್ಳಿಗೆ ಫ್ಯಾನ್ ಏನು ಮಾಡ್ತದೆ?"

ಮೊನ್ನೆ ಬಂಗಾರಪೇಟೆಯಲ್ಲಿ ನನ್ನ ಮಗಳ ನಿಶ್ಚಿತಾರ್ಥ. ಮಾವನನ್ನೂ ಅತ್ತೆಯನ್ನೂ ಕರೆತರಲು ಆಟೋದಲ್ಲಿ ಹೋದೆ. ಅತ್ತೆ ಉದ್ದ ತೋಳಿನ ರವಿಕೆ ತೊಟ್ಟು ಸಿದ್ಧವಾಗಿದ್ದರು. ಮಾವ ಮಾತ್ರ ಬಾಗಿಲಿಗೆ ಕೈ ಅಡ್ಡವಿಟ್ಟು ಆಕಾಶ ನೋಡುತ್ತಿದ್ದರು.

"ಇರೇ, ಇನ್ನೂ ಎರಡು ತುಂಡು ಮುಚ್ಬೇಕು."

"ಗಂಡಿನ ಕಡೆಯೋರು ಕಾಯ್ತಾವ್ರೆ ಮಾವ."

"ಅದನ್ನ ಸೂರ್ಯನಿಗೇಳು."

ತಮಿಳು ಮಾತಿನ ಆಟೋದವನು ಹಾರ್ನ್ ಒತ್ತಿದ. "ವಾಂಗ ಸಾರ್, ಮಳೆ ಬರಲ್ಲ, ಓಗೋಣ."

ಕೊನೆಗೆ ಮೋಡ ಕವಿಯಿತು. ಅತ್ತೆ ಕೊಡೆ ಎತ್ತಿಕೊಂಡರೆ, "ನನ್ ಲೆಕ್ಕ ಇರುವಾಗ ಕೊಡೆ ಯಾಕೆ?" ಎಂದು ಅದನ್ನು ಒಳಗಿಟ್ಟು ಬೀಗ ಹಾಕಿದರು.

ಛತ್ರದ ಗೇಟಿನ ಬಳಿ ಇಳಿದು ಆಟೋ ಕಳಿಸಿದೆವು. ಒಳಗಿನ ಬಯಲು ದಾಟಲು ಹೊರಟಾಗ ಮೋಡ ಸೀಳಿತು. ಅದರ ಅಂಚಿನಿಂದ ಬಿಸಿಲು ಎಂದಿಗಿಂತ ಜೋರಾಗಿಯೇ ಸುರಿಯಿತು. ಮಾವನ ಮುಖದ ಬಣ್ಣ ಹೋಯಿತು. ಮರುಗಳಿಗೆಯಲ್ಲಿ ಹೆಗಲ ಜರಿ ಶಲ್ಯ ಕಿತ್ತು ಎರಡು ಕೈಯಲ್ಲೂ ಅತ್ತೆಯ ತಲೆಯ ಮೇಲೆ ಹಿಡಿದು, ಏಡಿಯಂತೆ ಅಡ್ಡಡ್ಡ ನಡೆಯತೊಡಗಿದರು. ಅವರ ಬೋಳುತಲೆ ಬಿಸಿಲಿಗೆ ಮಿರಮಿರನೆ ಹೊಳೆಯುತ್ತಿತ್ತು. ಗಂಡಿನ ಕಡೆಯವರು ಮುಸಿಮುಸಿ ನಕ್ಕರು. ನಾನೂ ನಕ್ಕೆ.

ಜಗಲಿ ಸೇರಿದ ಮೇಲೆ ಅತ್ತೆ ತೋಳು ಸರಿಸಿ ತೋರಿಸಿದರು. ಚರ್ಮದ ತುಂಬ ಹಳೆಯ ಬೊಬ್ಬೆಗಳ ಕಲೆ. ಬಿಸಿಲು ತಾಗಿದರೆ ಬೊಬ್ಬೆ ಏಳುವ ಕಾಯಿಲೆಯಂತೆ. ಅವರು ಹಗಲಿನ ಸಮಾರಂಭಗಳಿಗೆ ಬಾರದಿದ್ದುದು ಬಿಗುಮಾನದಿಂದ ಎಂದೇ ನಾವೆಲ್ಲ ತಿಳಿದಿದ್ದೆವು.

"ಹಗಲೊತ್ತು ಒರಗೇ ಬರಬ್ಯಾಡಿ ಅಂದ್ರು ಡಾಕ್ಟ್ರು," ಎಂದರು ಅತ್ತೆ. "ಆವತ್ತಿಂದ ಇವ್ರು ಲೆಕ್ಕ ಇಡ್ಕಂಡ್ರು. 'ನಿಂಗೆ ಒಸಿ ಹಗಲು ಉಡುಕಿ ಕೊಡ್ತೀನಿ ತಾಳು' ಅಂದ್ರು."

ಮಾವ ತಲೆ ಒರೆಸಿಕೊಳ್ಳುತ್ತಾ, "ಮೋಡದ ಅಂಚು ಲೆಕ್ಕಕ್ಕೆ ತಗಂಡಿರ್ಲಿಲ್ಲ. ಸರಿ ಮಾಡ್ತೀನಿ," ಎಂದರು.

ನಾನು ಅತ್ತೆಯ ಕೈ ಹಿಡಿದು ಒಳಗೆ ಕರೆದೊಯ್ದೆ. ನನ್ನ ಮಗಳಿಗೆ ಮೊದಲ ಅಕ್ಷತೆ ಹಾಕಿದ್ದು ಅವರೇ.