ಚೆಲುವಯ್ಯನ ಎಡೆಗೆ ಬಂದ ಕೊರವ

ಐಸ್ ಪೆಟ್ಟಿಗೆಯಲ್ಲಿ ಮಲಗಿದ್ದ ಮೀನನ್ನು ನನ್ನ ಗೆಳೆಯನ ಎಡೆಗೆ ಇಡಲು ನಾನು ಬಿಡುವುದಿಲ್ಲ ಎಂದು ಅಕ್ಕೂರಿನ ಅವನ ಮನೆ ಜಗಲಿಯ ಮೇಲೆ ನಿಂತು ಘೋಷಿಸಿದೆ. ಚೆಲುವಯ್ಯ ಜೀವಮಾನವಿಡೀ ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂತವನು. ಅವನ ತಿಥಿಗೆ ಮಾರ್ಕೆಟ್ಟಿನ ಮೀನೇ!

"ಕೊರವ ಮೀನೇ ಆಗಬೇಕು. ಅವನ ಗಾಳಕ್ಕೇ ಬೀಳಬೇಕು. ನಾನೇ ಹಿಡಿದು ತರುತ್ತೇನೆ!"

ಚೆಲುವಯ್ಯನ ಅಣ್ಣ ಅಂಕಯ್ಯ ಬಾಯಿಂದ ಬೀಡಿ ತೆಗೆದ. "ಮೇಷ್ಟ್ರೇ, ನೀವು ಯಾವತ್ತಾರ ಮೀನು ಹಿಡ್ದಿದ್ದೀರಾ?"

"ಅವನ ಪಕ್ಕ ಎಷ್ಟು ವರ್ಷ ಕೂತಿದ್ದೇನೆ!"

"ಕೂತ್ಕಂಡು ಪುಸ್ತಕ ಓದ್ತಿದ್ರಿ."

ನನಗೆ ಸಿಟ್ಟು ಬಂತು. ಬಂತು ಏನು, ಬಂದದ್ದು ಹೋಗಿಯೇ ಇರಲಿಲ್ಲ. ಅಂಕಯ್ಯನ ಮೇಲೆ, ಪೆಂಡಾಲಿನವನ ಮೇಲೆ, ಸಮಾಧಾನ ಹೇಳಲು ಬಂದವರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಸತ್ತವನ ಮೇಲೆ! ಬೆಳಿಗ್ಗೆ ಎದೆ ಹಿಡಿದುಕೊಂಡವನಿಗೆ ಚನ್ನಪಟ್ಟಣದ ಆಸ್ಪತ್ರೆಗೆ ನಡಿ ಎಂದರೆ, "ಗ್ಯಾಸ್ ಕಣ್ಲಾ" ಎಂದ. ಗೋಲಿ ಸೋಡಾ ಕುಡಿದ. ತೇಗಿದ. ಮಧ್ಯಾಹ್ನದ ಹೊತ್ತಿಗೆ ಸತ್ತ. ಇದಕ್ಕಿಂತ ಬೇಜವಾಬ್ದಾರಿ ಕೆಲಸ ಇನ್ನೊಂದುಂಟೆ? ಅಂಥವನಿಗಾಗಿ ಅಳುವುದೇ? ನಾನಂತೂ ಅಳಲಿಲ್ಲ.

ಅವನ ಹೆಂಡತಿ ಕೆಂಚಮ್ಮನೂ ಅಳಲಿಲ್ಲ. ಆದರೆ ಅವಳು ಮಾತನ್ನೂ ನಿಲ್ಲಿಸಿದ್ದಳು. ಮಣ್ಣು ಮಾಡಿ ಬಂದಂದಿನಿಂದ ಗೋಡೆ ನೋಡುತ್ತ ಕೂತವಳು ಊಟ ಎಂದರೂ ಇಲ್ಲ, ನೀರು ಎಂದರೂ ಇಲ್ಲ. ಗಂಡನ ಪ್ರಾಣವೇ ಆಗಿದ್ದ ಕೊರವ ಎಡೆಯಲ್ಲಿ ಕಂಡರಾದರೂ ಅವಳು ಬಾಯಿ ಬಿಟ್ಟಾಳು ಎಂಬುದು ನನ್ನ ಲೆಕ್ಕಾಚಾರ.

ತಿಥಿಯ ದಿನ ಬೆಳಕು ಹರಿಯುತ್ತಲೇ ಕೆರೆಗೆ ಹೋದೆ. ಎರೆಹುಳು ಸಿಕ್ಕಿಸುವಾಗ ಗಾಳ ಮೊದಲು ನನ್ನನ್ನೇ ಹಿಡಿಯಿತು. ಆಮೇಲೆ ಪಂಚೆಯನ್ನು, ಆಮೇಲೆ ಜಾಲಿ ಮರವನ್ನು. ಬಿಸಿಲು ನೆತ್ತಿಗೆ ಬಂದಾಗ ಅಂತೂ ಒಂದು ಮೀನು ಬಿತ್ತು. ಅಂಗೈಯಷ್ಟಗಲದ ಜಿಲೇಬಿ ಮೀನು! ಇದನ್ನು ಎಡೆಗಿಟ್ಟರೆ ಚೆಲುವಯ್ಯ ಎದ್ದು ಬಂದು ನಗುತ್ತಾನೆ ಎಂದು ಬೈದುಕೊಳ್ಳುತ್ತಾ ಎಳೆಯುತ್ತಿದ್ದೆ.

ದಡಾರ್!

ನೀರು ಒಡೆಯಿತು. ತೋಳುದ್ದದ ಕಪ್ಪು ಕೊರವವೊಂದು ಕೆಳಗಿನಿಂದ ನುಗ್ಗಿ ಬಂದು ನನ್ನ ಜಿಲೇಬಿಯನ್ನು ನಡುವಿಗೇ ಕಚ್ಚಿತು! ಹಾವಿನ ತಲೆ, ನಾಯಿಯ ಹಲ್ಲು. ಹಾಡಹಗಲೇ ದರೋಡೆ!

"ಬಿಡೋ ಕಳ್ಳ! ಅದು ನನ್ನದು!" ಎಂದು ಕೂಗಿದೆ. ಹಿಡಿಯಲು ಬಂದದ್ದೇ ಅದನ್ನು ಎಂಬುದು ಆ ಕ್ಷಣ ಮರೆತುಹೋಗಿತ್ತು. ಗಾಳ ಕೊರವದ ಬಾಯಿಗೆ ತಾಗಿಯೇ ಇರಲಿಲ್ಲ. ಕಚ್ಚಿದ್ದನ್ನು ಬಿಟ್ಟಿದ್ದರೆ ಅದು ಬದುಕುತ್ತಿತ್ತು. ಬಿಡಲಿಲ್ಲ. ನಾನೂ ಬಿಡಲಿಲ್ಲ. ಎರಡು ಮೊಂಡ ಪ್ರಾಣಿಗಳು ಕೆಸರಿನಲ್ಲಿ ಉರುಳಾಡಿದೆವು. ಕೊನೆಗೆ ಅದು ನನ್ನ ಹೆಬ್ಬೆರಳು ಕಚ್ಚಿತು, ನಾನು ಅದರ ಮೇಲೆ ಕೂತೆ!

ಒದ್ದೆ ಗೋಣಿಯಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿ, ಚೆಲುವಯ್ಯನ ಮನೆಗೆ ಬಂದು ಬಿಚ್ಚಿದಾಗ ಕೊರವ ಅಲ್ಲಾಡಲಿಲ್ಲ. ಸತ್ತಿತು ಎಂದುಕೊಂಡೆ.

"ಬಂದ್ರಾ ಸಾಹೇಬ್ರು! ಎಡೆ ಇಕ್ಕಿ ಆಯ್ತು" ಎಂದ ಅಂಕಯ್ಯ. "ಇನ್ನ ಇದನ್ನ ಯಾವಾಗ ಉಜ್ಜಿ, ಯಾವಾಗ ಸಾರು ಮಾಡಾದು?"

"ಹಾಗೇ ಇಡ್ತೀನಿ!"

"ಹಸೀ ಮೀನ್ನಾ? ಎಡೇಗಾ?"

"ಅವನು ನನ್ನ ಸ್ನೇಹಿತ! ನಿನ್ನ ಐಸ್ ಮೀನು ನೀನೇ ತಿನ್ನು!"

ಕೆಸರು ಮೈಯಲ್ಲೇ ಒಳಗೆ ನುಗ್ಗಿದೆ. ಫೋಟೋದ ಮುಂದೆ ಬಾಳೆಲೆಯ ಮೇಲೆ ಮುದ್ದೆ, ಕೋಳಿ ಸಾರು, ಬ್ರಾಂದಿ, ಬೀಡಿ ಕಟ್ಟು. ಎಲ್ಲದರ ನಡುವೆ ಕೊರವವನ್ನು ಮಲಗಿಸಿದೆ. ಕೆಂಚಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು. ತುಟಿ ಬಿಚ್ಚಲಿಲ್ಲ. ನನ್ನ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು.

ಧೂಪ ಹಾಕಿ, ಸತ್ತವನು ಬಂದು ಉಂಡು ಹೋಗಲಿ ಎಂದು ವಾಡಿಕೆಯಂತೆ ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ನಿಂತೆವು.

ಒಳಗಿನಿಂದ ಶಬ್ದ. ಥಪ್!

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಥಪ್! ಥಪ್! ಲೋಟ ಉರುಳಿತು. ಅಂಕಯ್ಯ ಕೈಮುಗಿದು ಹಿಂದೆ ಸರಿದ. "ತಮ್ಮ ಬಂದ್ಬುಟ್ಟ!"

ನನಗೆ ತಕ್ಷಣ ಗೊತ್ತಾಯಿತು, ಕೊರವ ಸತ್ತಿರಲಿಲ್ಲ; ನೀರಿಲ್ಲದೆಯೂ ಗಂಟೆಗಟ್ಟಲೆ ಬದುಕುವ ಮೀನು ಅದು. ಆ ಬಾಲದ ಏಟನ್ನು ಕೆರೆಯ ಕೆಸರಿನಲ್ಲಿ ಕೆನ್ನೆಗೇ ತಿಂದಿದ್ದೆನಲ್ಲ! ಮೀನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಂಚಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಹೋಗಿ ನಿಂತಳು.

"ಬಂದ್ಯಾ? ಮುದ್ದೆ ಉಣ್ಣಾಕೆ ಬತ್ತೀಯ, ಆಸ್ಪತ್ರೇಗೆ ಬಾ ಅಂದ್ರೆ ಬರಾಕಿಲ್ಲ! ಗ್ಯಾಸ್ ಅಂತೆ ಗ್ಯಾಸ್! ಆ ಸೋಡಾ ಬಾಟ್ಲಿ ಮೇಲೆ ಇದ್ದ ನಂಬಿಕೆ ಕಟ್ಕಂಡೋಳ್ ಮೇಲೆ ಇರ್ನಿಲ್ವಾ ನಿಂಗೆ?"

ಥಪ್!

"ಬಡಿ, ಬಡಿ! ಒಂದ್ ಮಾತು ಹೇಳ್ದೆ ಹೊಂಟೋದ್ಯಲ್ಲ, ನಾನು ಯಾರ್ ತಾವ ಜಗಳ ಆಡ್ಲಿ ಇನ್ನ?"

ಅವಳ ದನಿ ಒಡೆಯಿತು. ಬಾಗಿಲಿಗೆ ಹಣೆ ಹಚ್ಚಿ ಅತ್ತಳು. ಈಗ ಮೀನು ಎಂದರೆ ಆ ಅಳು ಮತ್ತೆ ಒಳಗೇ ಹೋಗಿಬಿಡುತ್ತದೆ. ಹೇಳಬಾರದು ಎಂದು ಹಲ್ಲು ಕಚ್ಚಿ ಅವಳ ಪಕ್ಕ ನಿಂತೆ. ನಿಂತವನ ಬಾಯಿಂದ ಏನು ಬಂತು ಗೊತ್ತೆ?

"ಲೇ ಚೆಲುವ! ನಾಚಿಕೆ ಆಗಲ್ವೇನೋ ನಿನಗೆ? ಹೇಳಿದ ಮಾತು ಕೇಳೋಕೆ ಏನಾಗಿತ್ತೋ ದರಿದ್ರದವನೇ! ನಾನಿನ್ನು ಯಾರ ಪಕ್ಕ ಹೋಗಿ ಕೂರಲೋ?"

ಒಳಗೆ ಶಬ್ದ ನಿಂತಿತು. ನಾನು ನಿಲ್ಲಲಿಲ್ಲ. ಇನ್ನೂ ಏನೇನು ಬೈದೆನೋ, ನೆನಪಿಲ್ಲ.

ಬಾಗಿಲು ತೆಗೆದರು. ಬ್ರಾಂದಿ ಚೆಲ್ಲಿತ್ತು, ಮುದ್ದೆ ಮೂಲೆ ಸೇರಿತ್ತು. ಮೈತುಂಬ ಕೋಳಿ ಸಾರು ಬಳಿದುಕೊಂಡ ಕೊರವ ಫೋಟೋಗೆ ಒರಗಿಕೊಂಡು ಬಾಯಿ ತೆರೆದು ಮುಚ್ಚುತ್ತಿತ್ತು.

"ಕೆಂಚಮ್ಮ, ನಿನಗೆ ಹೇಗೆ ಹೇಳಲಿ..." ಎಂದು ಗಂಭೀರವಾಗಿ ಶುರು ಮಾಡಿದೆ.

"ಗೊತ್ತೈತೆ ಬುಡಣ್ಣ" ಎಂದಳು. "ನೀವು ಎಲೆ ಮೇಲೆ ಮಲಗಿಸ್ದಾಗ್ಲೇ ಅದರ ಕಿವಿರು ಆಡ್ತಿತ್ತು."

"ಮತ್ತೆ ಹೇಳಲಿಲ್ಲ?"

"ಹೇಳಿದ್ರೆ ಎತ್ತಾಕ್ಬುಡ್ತಿದ್ರಿ. ನಂಗೆ ಒಸಿ ಬೈಯಾದಿತ್ತು. ಸುಮ್ಕೆ ಗೋಡೇಗೆ ಹೆಂಗೆ ಬೈಯಾದು?"

ಅಂಕಯ್ಯ ಚೇತರಿಸಿಕೊಂಡು ಮೀನನ್ನು ಅಳೆಯುವವನಂತೆ ನೋಡಿದ. "ಹಂಗಾರೆ ಸಾರು ಮಾಡ್ಬುಡಾಣ?"

"ಬ್ಯಾಡ ಬಾವ. ಅಷ್ಟು ಬೈಗುಳ ತಿಂದಿರೋ ಮೀನು, ಅರಗಾಕಿಲ್ಲ." ಬಕೆಟ್ಟಿಗೆ ನೀರು ಹಾಕಿ ಕೊರವವನ್ನು ಅದರಲ್ಲಿ ಬಿಟ್ಟು ನನ್ನ ಕೈಗೆ ಕೊಟ್ಟಳು. "ಕೆರೇಗೆ ಬುಟ್ಬುಟ್ ಬನ್ನಿ. ಹೋಗಾಕ್ ಮುಂಚೆ ಒಸಿ ಮಕ ತೊಳ್ಕಳಿ ಮೇಷ್ಟ್ರಣ್ಣ. ಒಂದು ಮೀನಿಗೋಸ್ಕರ ಇಷ್ಟೊಂದು ಅತ್ತೋರ್ನ ನಾನಂತೂ ಕಂಡಿಲ್ಲ!"